ಲ್ಯಾಪ್‌ಟಾಪ್ ಏಕೆ ಟಿವಿಯಾಗಲಿಲ್ಲ?

ಮಕ್ಕಳೇ, ಕಳೆದ ವರ್ಷ ಒಂದು ಶಾಲೆಗೆ ಹೋಗಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಸಪ್ಪೆ ಮೋರೆ ಹಾಕಿಕೊಂಡು ಬಂದ. "ಸಾರ್, ಅಕ್ಕನ ಲ್ಯಾಪ್‌ಟಾಪ್ ಕೆಡಿಸಿಬಿಟ್ಟೆ" ಎಂದ. ನಡೆದದ್ದು ಇಷ್ಟು. ಅವನ ಮಾವ ಹಳೆಯದೊಂದು ವಿಡಿಯೋ ಗೇಮ್ ಪೆಟ್ಟಿಗೆ ತಂದುಕೊಟ್ಟಿದ್ದರು. ಮನೆಯ ಟಿವಿ ಸಿಡಿಲಿಗೆ ಸುಟ್ಟುಹೋಗಿತ್ತು. ಪೆಟ್ಟಿಗೆಯ ಹಿಂದೆಯೂ ಲ್ಯಾಪ್‌ಟಾಪಿನ ಪಕ್ಕದಲ್ಲೂ ಒಂದೇ ಆಕಾರದ ಎಚ್‌ಡಿಎಂಐ ಕಿಂಡಿ. ವೈರಿನ ಎರಡು ತುದಿಗಳೂ ಸರಿಯಾಗಿ ಕೂತವು, ಆಟ ಮಾತ್ರ ಬರಲಿಲ್ಲ. ಪೇಟೆಯಲ್ಲಿ ತೋರಿಸಿದರೆ "ಬೋರ್ಡ್ ಹೋಗಿದೆ, ನಾಲ್ಕು ಸಾವಿರ ಆಗುತ್ತದೆ" ಎಂದರಂತೆ. ಅಕ್ಕ ಪರೀಕ್ಷೆಗೆ ಓದುತ್ತಿದ್ದುದು ಅದರಲ್ಲೇ!

ನಾನು ಆ ಲ್ಯಾಪ್‌ಟಾಪನ್ನು ತರಿಸಿ ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿದೆ. ಗೋಡೆಯ ಮೇಲೆ ಚಿತ್ರ ಮೂಡಿತು. ಆಮೇಲೆ ಗೇಮ್ ಪೆಟ್ಟಿಗೆಯನ್ನು ಪ್ರೊಜೆಕ್ಟರಿಗೆ ಜೋಡಿಸಿದೆ. ಆಟವೂ ಬಂತು. ಹಾಗಾದರೆ ಕೆಟ್ಟದ್ದು ಯಾವುದು? ಯಾವುದೂ ಅಲ್ಲ.

ಒಂದು ನಲ್ಲಿಯ ಬಾಯಿಗೆ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಮತ್ತೊಂದು ನಲ್ಲಿಯ ಬಾಯಿಗೇ ಸಿಕ್ಕಿಸಿದರೆ ಯಾವ ಬಿಂದಿಗೆ ತುಂಬೀತು? ಇಲ್ಲಿ ಆದದ್ದೂ ಅದೇ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ಚಿತ್ರ ಹೊರಗೆ ಹೋಗುವ ಬಾಗಿಲು, ಒಳಗೆ ಬರುವ ಬಾಗಿಲಲ್ಲ. ಗೇಮ್ ಪೆಟ್ಟಿಗೆಯದೂ ಹೊರಬಾಗಿಲೇ. ಟಿವಿ, ಪ್ರೊಜೆಕ್ಟರ್, ಮಾನಿಟರ್‌ಗಳಲ್ಲಿ ಇರುವುದು ಒಳಬಾಗಿಲು. ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಬೇರೆಯೇ ದಾರಿಯಿದೆ. ಮಡಚುವ ಕೀಲಿನೊಳಗೆ ಹಾದುಹೋಗುವ ತೆಳ್ಳನೆಯ ವೈರು ಅದಕ್ಕೆ ಚಿತ್ರ ಒಯ್ಯುತ್ತದೆ. ಪಕ್ಕದ ಕಿಂಡಿಯಿಂದ ಆ ವೈರಿಗೆ ಒಳಮುಖವಾದ ಸಂಪರ್ಕ ಇರುವುದಿಲ್ಲ. 2011ರ ಏಲಿಯನ್‌ವೇರ್ ಎಂ18ಎಕ್ಸ್‌ನಂಥ ಕೆಲವೇ ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಒಳಬಾಗಿಲನ್ನೂ ಇಟ್ಟಿದ್ದರು.

ಇನ್ನೊಂದು ಸ್ವಾರಸ್ಯವಿದೆ. ಎಚ್‌ಡಿಎಂಐ ತುದಿಯಲ್ಲಿ 19 ಪಿನ್ನುಗಳಿವೆ. ಅವುಗಳಲ್ಲಿ ಕೆಲವು ಚಿತ್ರ ಒಯ್ಯುವುದಿಲ್ಲ, ಮಾತನಾಡುತ್ತವೆ! ವೈರು ಸಿಕ್ಕಿಸಿದೊಡನೆ ಟಿವಿ "ನಾನಿದ್ದೇನೆ, ನನ್ನ ಪರದೆಯಲ್ಲಿ ಇಷ್ಟು ಚುಕ್ಕೆಗಳಿವೆ" ಎಂದು ಪೆಟ್ಟಿಗೆಗೆ ತಿಳಿಸುತ್ತದೆ. ಲ್ಯಾಪ್‌ಟಾಪ್ ಹಾಗೆ ಹೇಳುವುದಿಲ್ಲ. ಎರಡೂ ಕಡೆಯವರು ಇನ್ನೊಬ್ಬರು ಮಾತನಾಡಲಿ ಎಂದು ಕಾಯುತ್ತ ಕೂರುತ್ತಾರೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಕ್ಯಾಪ್ಚರ್ ಕಾರ್ಡ್ ಎಂಬ ಪುಟ್ಟ ಸಾಧನ ಸಿಗುತ್ತದೆ. ಅದಕ್ಕೆ ಎಚ್‌ಡಿಎಂಐ ಒಳಬಾಗಿಲಿದೆ. ಬಂದ ಚಿತ್ರವನ್ನು ಅದು ಯುಎಸ್‌ಬಿ ಕಿಂಡಿಯ ಮೂಲಕ ಲ್ಯಾಪ್‌ಟಾಪಿಗೆ ಕಳುಹಿಸುತ್ತದೆ. ಆದರೆ ಇಲ್ಲೊಂದು ತೊಡಕು. ಲೆಕ್ಕ ಹಾಕೋಣ. ಪರದೆಯಲ್ಲಿ ಅಡ್ಡ 1920, ಉದ್ದ 1080 ಚುಕ್ಕೆಗಳಿವೆ ಎನ್ನಿ. ಗುಣಿಸಿದರೆ 20,73,600. ಒಂದೊಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್ ಬೇಕು. ಸೆಕೆಂಡಿಗೆ 60 ಚಿತ್ರಗಳು. ಎಲ್ಲ ಸೇರಿ ಸೆಕೆಂಡಿಗೆ ಹೆಚ್ಚೂ ಕಡಿಮೆ 300 ಕೋಟಿ ಬಿಟ್! ಯುಎಸ್‌ಬಿ 2.0 ದಾರಿಯಲ್ಲಿ ಸಾಗಬಲ್ಲದ್ದು ಹೆಚ್ಚೆಂದರೆ 48 ಕೋಟಿ. ಆದ್ದರಿಂದ ಅಗ್ಗದ ಕಾರ್ಡು ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಕಳುಹಿಸುತ್ತದೆ, ಲ್ಯಾಪ್‌ಟಾಪ್ ಅದನ್ನು ಮತ್ತೆ ಬಿಡಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಯಿತೆನ್ನಿ. ಅಷ್ಟೇ ತಾನೇ ಎನ್ನಬೇಡಿ.

ಮಾಡಿ ನೋಡಿ: ಗೆಳೆಯ 30 ಸೆಂ.ಮೀ. ಸ್ಕೇಲನ್ನು ಮೇಲಿನ ತುದಿಯಲ್ಲಿ ಹಿಡಿದು ನೇರ ತೂಗಾಡಿಸಲಿ. ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಹೇಳದೆ ಬಿಟ್ಟಾಗ ಹಿಡಿಯಿರಿ. 20 ಸೆಂ.ಮೀ. ಬಳಿ ಹಿಡಿದಿರಾ? ಅಷ್ಟು ಬೀಳಲು ಸ್ಕೇಲಿಗೆ 0.2 ಸೆಕೆಂಡು ಬೇಕು. ಅಂದರೆ ನಿಮ್ಮ ಕಣ್ಣು, ಮಿದುಳು, ಕೈ ಸೇರಿ ತೆಗೆದುಕೊಂಡ ಸಮಯ ಅಷ್ಟು. ಇದಕ್ಕೆ 0.1 ಸೆಕೆಂಡು ಸೇರಿಸಿದರೆ 0.3. ಅಷ್ಟರಲ್ಲಿ ಸ್ಕೇಲು 44 ಸೆಂ.ಮೀ. ಬಿದ್ದಿರುತ್ತದೆ. ನಿಮ್ಮ ಸ್ಕೇಲಿನ ಉದ್ದವೇ 30!

ಚದುರಂಗದಂಥ ಆಟಕ್ಕೆ ಈ ತಡ ಲೆಕ್ಕಕ್ಕಿಲ್ಲ. ಕ್ರಿಕೆಟ್ ಆಟದಲ್ಲಿ ಮಾತ್ರ ಬ್ಯಾಟು ಬೀಸುವಷ್ಟರಲ್ಲಿ ವಿಕೆಟ್ ಉರುಳಿರುತ್ತದೆ. ಆ ಹುಡುಗ ಕಾರ್ಡು ಕೊಳ್ಳಲಿಲ್ಲ. ಮಾವ ಯಾರದೋ ಅಂಗಡಿಯಿಂದ ಹಳೆಯ ಮಾನಿಟರ್ ಹುಡುಕಿಕೊಟ್ಟರು. ಅದಕ್ಕೆ ಸ್ಪೀಕರ್ ಇಲ್ಲ, ಸದ್ದಿಲ್ಲದೆಯೇ ಆಡುತ್ತಾನೆ. ಅಕ್ಕನಿಗೆ ಅದೂ ಅನುಕೂಲವೇ ಆಯಿತಂತೆ.