ಯಂತ್ರಕ್ಕೆ ₹60,000, ಮಾತಿಗೆ ₹6,000

ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ, ಮನೆಯಲ್ಲಿ ಬಳಸುವ ಬೈಪ್ಯಾಪ್ ಯಂತ್ರಕ್ಕೆ ₹60,000 ಎಂದು ಹಿಡಿಯೋಣ. ಇದಕ್ಕಿಂತ ಅಗ್ಗದ್ದೂ ಉಂಟು, ದುಬಾರಿಯದೂ ಉಂಟು. ಐದು ವರ್ಷ, ರಾತ್ರಿಗೆ 7 ಗಂಟೆಯಂತೆ ಬಳಸಿದರೆ ಒಟ್ಟು 12,775 ಗಂಟೆ. ಗಂಟೆಗೆ ಬೀಳುವುದು ₹4.70. ಅದೇ ಯಂತ್ರವನ್ನು ಹತ್ತು ರಾತ್ರಿ ಎರಡೆರಡು ಗಂಟೆ ಹಾಕಿಕೊಂಡು, ‘ಉಸಿರು ಕಟ್ಟಿದ ಹಾಗಾಗುತ್ತೆ, ನನಗೆ ಬೇಡಪ್ಪ’ ಎಂದು ಅಟ್ಟಕ್ಕೇರಿಸಿದರೆ ಗಂಟೆಗೆ ₹3,000. ಯಂತ್ರ ದುಬಾರಿಯಾಗುವುದು ಅಂಗಡಿಯಲ್ಲಲ್ಲ, ಅಟ್ಟದ ಮೇಲೆ.

ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ರೋಗದವರ ಸಂಖ್ಯೆ ಭಾರತದಲ್ಲಿ 1990ರಲ್ಲಿ 2.81 ಕೋಟಿ ಇತ್ತು, 2016ಕ್ಕೆ 5.53 ಕೋಟಿ. ಎಲ್ಲರಿಗೂ ಯಂತ್ರ ಬೇಕಿಲ್ಲ. ಆಸ್ಪತ್ರೆಯಿಂದ ಬಂದು ವಾರಗಳಾದರೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯದವರಿಗೆ ಮನೆ ಬೈಪ್ಯಾಪ್, ಆಮ್ಲಜನಕ ತೀರಾ ತಗ್ಗಿದವರಿಗೆ ಗಾಳಿಯಿಂದ ಅದನ್ನು ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್. ಕೆಲವರಿಗೆ ಎರಡೂ.

ಬಳಸಿದವರಿಗೆ ಸಿಗುವ ಲಾಭ ಸಣ್ಣದಲ್ಲ. 1981ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ದಿನಕ್ಕೆ 15 ಗಂಟೆ ಆಮ್ಲಜನಕ ಪಡೆದ 42 ಮಂದಿಯಲ್ಲಿ ಐದು ವರ್ಷದೊಳಗೆ ತೀರಿಕೊಂಡವರು 19; ಪಡೆಯದ 45 ಮಂದಿಯಲ್ಲಿ 30. 2017ರಲ್ಲಿ ಅದೇ ದೇಶದ ಇನ್ನೊಂದು ಪ್ರಯೋಗ 116 ಮಂದಿಯನ್ನು ಎರಡು ಗುಂಪು ಮಾಡಿತು. ಬರೀ ಆಮ್ಲಜನಕದ ಗುಂಪಿನಲ್ಲಿ ವರ್ಷದೊಳಗೆ ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ಸಂಭವ ಶೇ 80.4 ಇದ್ದರೆ, ಜೊತೆಗೆ ಬೈಪ್ಯಾಪ್ ಇದ್ದವರಲ್ಲಿ ಶೇ 63.4. ಆರು ಮಂದಿ ಬಳಸಿದರೆ ಒಬ್ಬರಿಗೆ ಅಂಥ ಗಂಡಾಂತರ ತಪ್ಪುತ್ತದೆ ಎಂದಾಯಿತು.

ಆ ಪ್ರಯೋಗದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಬೇರೆಯೇ ಒಂದು ಅಂಕಿ. ಆರನೇ ವಾರದಲ್ಲಿ ರೋಗಿಗಳ ಸರಾಸರಿ ಬಳಕೆ ರಾತ್ರಿಗೆ ಐದು ಗಂಟೆಯನ್ನೂ ಮುಟ್ಟಿರಲಿಲ್ಲ. ವರ್ಷದ ಕೊನೆಗೆ ಏಳೂವರೆ ಗಂಟೆ. ಒಗ್ಗಿಕೊಳ್ಳುವುದಕ್ಕೆ ತಿಂಗಳುಗಳು ಬೇಕು. ನಮ್ಮಲ್ಲಿ ಮಾರುವವರು ಬಂದು ಪ್ಲಗ್ ಹಾಕಿ, ಮಾಸ್ಕ್ ಕಟ್ಟಿ, ಬಿಲ್ಲಿಗೆ ಸಹಿ ಪಡೆದು ಹೋಗುತ್ತಾರೆ. ಅಲ್ಲಿಂದಾಚೆಗೆ ರೋಗಿ, ಯಂತ್ರ, ರಾತ್ರಿ.

ಬೇಡವೆನ್ನಲು ಕಾರಣಗಳಿಗೆ ಬರವಿಲ್ಲ. ಮೊದಲೇ ಗಾಳಿಗೆ ಹಾತೊರೆಯುವ ಮನುಷ್ಯನ ಮೂಗು ಬಾಯಿ ಮುಚ್ಚಿ ಒತ್ತಡದ ಗಾಳಿ ನುಗ್ಗಿಸಿದರೆ ಎದೆ ಹೊಡೆದುಕೊಳ್ಳುವುದು ಸಹಜ. ಆಮೇಲೆ ಮಾತುಗಳು: ‘ಒಂದ್ಸಲ ಹಚ್ಚಿದರೆ ಅಭ್ಯಾಸ ಆಗಿಬಿಡುತ್ತೆ.’ ಕೋವಿಡ್ ಕಂಡ ಮನೆಗಳಲ್ಲಿ ಇನ್ನೊಂದು: ‘ಆಕ್ಸಿಜನ್ ಹಾಕಿದ್ರು ಅಂದ್ರೆ ಮುಗೀತು.’ ಬೀಡಿ ಸೇದಿದವರಿಗೆ ‘ನಾನೇ ಮಾಡಿಕೊಂಡದ್ದು’ ಎಂಬ ಕೊರಗು. ಬೀಡಿ ಮುಟ್ಟದ ಹೆಂಗಸರಿಗೆ ಕಾಯಿಲೆ ಬಂದದ್ದಾದರೂ ಹೇಗೆಂಬುದೇ ಗೊತ್ತಿರುವುದಿಲ್ಲ. ಮೈಸೂರು ಭಾಗದ ಹಳ್ಳಿಗಳಲ್ಲಿ ನಡೆದ ಅಧ್ಯಯನ ಇದಕ್ಕೊಂದು ಲೆಕ್ಕ ಕೊಟ್ಟಿದೆ: ಸೌದೆ ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ, 60 ಮುಟ್ಟಿತೆಂದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಸಾಕು.

ಇಂಥ ಭಯ, ಕೊರಗುಗಳ ಮೇಲೆ ಕೆಲಸ ಮಾಡಿದ್ದು ಇಟಲಿಯ ಮಿಲಾನ್‌ನ ತಂಡ. 2022ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 90 ರೋಗಿಗಳು. ಒಂದು ಗುಂಪಿಗೆ 4ರಿಂದ 8 ಭೇಟಿಗಳಲ್ಲಿ ಆಪ್ತಸಮಾಲೋಚನೆ, ಮೈಮನಸ್ಸು ಸಡಿಲಿಸುವ ಅಭ್ಯಾಸ. ಇನ್ನೊಂದಕ್ಕೆ ಮಾಹಿತಿ ವಿಡಿಯೊ. ಯಂತ್ರದ ಬಳಕೆ, ಬದುಕಿನ ನೆಮ್ಮದಿ ಎರಡೂ ಸುಧಾರಿಸಿದ್ದು ಮಾತಾಡಿಸಿದ ಗುಂಪಿನಲ್ಲಿ. ಇದನ್ನೇ ಹಿಡಿದುಕೊಂಡು ಮಾತಿನಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವಂತಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 279 ರೋಗಿಗಳ ಪ್ರಯೋಗದಲ್ಲಿ ತರಬೇತಿ ಪಡೆದ ನರ್ಸ್‌ಗಳೇ ಸಮಾಲೋಚನೆ ನಡೆಸಿ ಆತಂಕವನ್ನೂ ಆಸ್ಪತ್ರೆ ಖರ್ಚನ್ನೂ ಇಳಿಸಿದ್ದು ನಿಜ. ಆದರೆ ಬ್ರಿಟನ್ನಿನದೇ 423 ರೋಗಿಗಳ ಮತ್ತೊಂದು ಪ್ರಯೋಗದಲ್ಲಿ ಸಮಾಲೋಚನೆಯಿಂದ ಆತಂಕವಾಗಲಿ ಖಿನ್ನತೆಯಾಗಲಿ ಕಡಿಮೆಯಾಗಲಿಲ್ಲ. ಹಾಗಾಗಿ ಸಾಮಾನ್ಯ ಸಮಾಧಾನದ ಮಾತಿಗಿಂತ, ಮಾಸ್ಕ್ ಕೈಯಲ್ಲಿಟ್ಟು ಆಡುವ ಮಾತಿಗೇ ಹಣ ಹಾಕಬೇಕೆಂಬುದು ನನ್ನ ಎಣಿಕೆ.

ಅದು ನಡೆಯುವುದು ಹೀಗೆ. ಮೊದಲ ದಿನ ಪಟ್ಟಿ ಕಟ್ಟುವುದಿಲ್ಲ. ಹಗಲಲ್ಲೇ, ಟಿವಿ ಮುಂದೆ ಕುಳಿತು, ಕಡಿಮೆ ಒತ್ತಡದಲ್ಲಿ ಯಂತ್ರ ಚಾಲೂ ಮಾಡಿ, ರೋಗಿ ತಾನೇ ಮಾಸ್ಕನ್ನು ಮುಖಕ್ಕೆ ಹಿಡಿಯಬೇಕು. ಬೇಡವೆನಿಸಿದ ಕ್ಷಣ ತೆಗೆಯಬೇಕು. ತೆಗೆಯುವುದು ತನ್ನ ಕೈಯಲ್ಲೇ ಇದೆ ಎಂದು ಖಾತ್ರಿಯಾದ ಮೇಲೆಯೇ ಪಟ್ಟಿ. ಆಮೇಲೆ ಮಧ್ಯಾಹ್ನದ ನಿದ್ದೆ, ಕೊನೆಗೆ ರಾತ್ರಿ. ಮೂಗಿನ ಮೇಲಿನ ಹುಣ್ಣು, ಒಣಗುವ ಬಾಯಿ, ಉಬ್ಬರಿಸುವ ಹೊಟ್ಟೆ, ಇವನ್ನೂ ಇದೇ ಭೇಟಿಗಳಲ್ಲಿ ಕೇಳಿ ಸರಿಪಡಿಸಬೇಕು.

ಇದಕ್ಕೆ ಆರು ಭೇಟಿ, ಒಂದಕ್ಕೆ ₹1,000 ಎಂದಿಟ್ಟುಕೊಳ್ಳಿ: ₹6,000. ಆ 12,775 ಗಂಟೆಗೆ ಹಂಚಿದರೆ ಗಂಟೆಗೆ 47 ಪೈಸೆ.

ಮಾತಿಗೆ ಬಗ್ಗದ ಒಂದು ಸಂಗತಿಯೂ ಇದೆ, ಕರೆಂಟ್ ಮೀಟರ್. ಸುಮಾರು 300 ವ್ಯಾಟ್ ಎಳೆಯುವ ಕಾನ್ಸಂಟ್ರೇಟರ್ 15 ಗಂಟೆ ಓಡಿದರೆ ದಿನಕ್ಕೆ 4.5 ಯೂನಿಟ್, ತಿಂಗಳಿಗೆ 135. 60 ಯೂನಿಟ್ ಬಳಸುತ್ತಿದ್ದ ಮನೆ 195ಕ್ಕೇರುತ್ತದೆ. ಕರ್ನಾಟಕದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಇಂಥ ಮನೆಗೆ ಹಿಂದಿನ ಸರಾಸರಿಯ ಮೇಲೆ ಶೇ 10ರಷ್ಟೇ ಸಲಿಗೆ. 200 ದಾಟಿದರೆ ಪೂರ್ತಿ ಬಿಲ್ಲು ಮನೆಯವರದೇ. ಮಗನಿಗೆ ಹೊರೆಯಾಗದಿರಲೆಂದು ತಾಯಿ ಸದ್ದಿಲ್ಲದೆ ಸ್ವಿಚ್ ಆರಿಸಿದರೆ ಅದಕ್ಕೆ ಆಪ್ತಸಮಾಲೋಚನೆ ಮದ್ದಲ್ಲ. ಉಸಿರಾಟದ ಯಂತ್ರವಿರುವ ಮನೆಗಳಿಗೆ ಸರ್ಕಾರ ಪ್ರತ್ಯೇಕ ಮಿತಿ ಕೊಡಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ್ ಯೋಜನೆ ರೂಪುಗೊಂಡದ್ದು ಒಳರೋಗಿಗಳಿಗೆ. ಮನೆಗೆ ಬಂದ ಮೇಲಿನ ಆರು ಭೇಟಿಗಳನ್ನೂ ಅದಕ್ಕೆ ಸೇರಿಸಿದರೆ ತಪ್ಪೇನಿಲ್ಲ.

ಅಲ್ಲಿಯವರೆಗೆ ಕೊಳ್ಳುವ ಮುನ್ನ ಒಂದು ತಿಂಗಳು ಬಾಡಿಗೆಗೆ ತನ್ನಿ. ರಾತ್ರಿಗೆ ಎಷ್ಟು ಗಂಟೆ ಓಡಿತೆಂದು ಯಂತ್ರವೇ ದಾಖಲಿಸುತ್ತದೆ. ಆ ಲೆಕ್ಕವನ್ನು ಡಾಕ್ಟರಿಗೆ ತೋರಿಸಿ. ಆತಂಕ ಮಿತಿಮೀರಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ.