ಬೀಗ ಹಾಕಿಯೇ ಇತ್ತು!

ಬೀಗ ರಿಪೇರಿ ಮಾಡುವ ಹಿರಿಯರೊಬ್ಬರು ನಮ್ಮ ಸಂವಾದ ಕಾರ್ಯಕ್ರಮಕ್ಕೆ ಬಂದು ಮಾತನಾಡಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅರ್ಧ ಗಂಟೆಯಲ್ಲಿ ಹೇಳಿದ್ದಕ್ಕಿಂತ ಹೇಳಲಾಗದೆ ಉಳಿದದ್ದೇ ಹೆಚ್ಚು. ಅಂಥ ಕಾರ್ಯಕ್ರಮ ಮಾಡಬೇಕೆಂದು ನನಗೆ ಅನ್ನಿಸಿದ್ದಕ್ಕೂ ಒಂದು ಕಾರಣವಿತ್ತು. ಅದನ್ನು ತೆರೆಯ ಮೇಲೆ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮ ತಂದೆಯವರು ಬಿಟ್ಟುಹೋದ 1989ರ ಪ್ರೀಮಿಯರ್ ಪದ್ಮಿನಿ ಕಾರೊಂದು ನಮ್ಮಲ್ಲಿದೆ. ನಾವಿರುವುದು ಬೆಂಗಳೂರಿನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಎರಡು ರಸ್ತೆ ಆಚೆ, ಹಳೆಯ ಮನೆಯೊಂದರ ಹಿತ್ತಲಿನಲ್ಲಿರುವ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದೇನೆ. ಮರದ ಎರಡು ಕದಗಳು, ಪಕ್ಕದಲ್ಲೊಂದು ಕಿರುಬಾಗಿಲು, ಮೇಲೆ ಶೀಟು. ಕಾರನ್ನು ಅಲ್ಲಿ ತಂದು ನಿಲ್ಲಿಸಿದ ದಿನವೇ ಅಂಗೈಯಗಲದ ದುಬಾರಿ ಬೀಗವೊಂದನ್ನು ಕೊಂಡು ಜಡಿದೆ. ಆಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಕದ ತೆರೆದಿತ್ತು. ಬೀಗ ಮಾತ್ರ ಹಾಕಿದಂತೆಯೇ ಇತ್ತು! ಬೀಗ ತೂಗುವ ಕಬ್ಬಿಣದ ಪಟ್ಟಿಯೇ ಕದದಿಂದ ಕಳಚಿ ಬಂದು ಬೀಗದ ಜೊತೆ ನೇತಾಡುತ್ತಿತ್ತು. ಕೆಳಗೆ ನಾಲ್ಕು ಸ್ಕ್ರೂಗಳು ಬಿದ್ದಿದ್ದವು, ಒಂದೊಂದೂ ಮುಕ್ಕಾಲು ಅಂಗುಲದ್ದು. ಬ್ಯಾಟರಿ, ಸ್ಟೆಪ್ನಿ ಹಾಗೂ ತಂದೆಯವರ ಸ್ಪ್ಯಾನರ್ ಪೆಟ್ಟಿಗೆ ಹೋಗಿದ್ದವು. ಕಾರ್ಬ್ಯುರೇಟರನ್ನು ರಿಪೇರಿಗೆಂದು ಬಿಚ್ಚಿ ಕೊಟ್ಟಿದ್ದರಿಂದ ಕಾರು ಉಳಿಯಿತು, ಅಷ್ಟೆ. ಅದಕ್ಕೆ ನಾನು ಮಾಡಿಸಿದ್ದು ‘ಥರ್ಡ್ ಪಾರ್ಟಿ’ ವಿಮೆ ಮಾತ್ರ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಅದು ಹೊಣೆ. ನಮ್ಮ ಗಾಡಿಯೇ ಕಳುವಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಬ್ಯಾಟರಿ, ಸ್ಟೆಪ್ನಿ ಮತ್ತೆ ಕೊಂಡೆ. ಆ ಸ್ಪ್ಯಾನರುಗಳ ಹಿಡಿ ತಂದೆಯವರ ಕೈ ಸವೆದು ನುಣುಪಾಗಿತ್ತು. ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ವಿಜ್ಞಾನ ಓದಿದ ನಾನು ಎಲ್ಲಿ ತಪ್ಪಿದೆ? ಬಾಗಿಲಿನ ಮೇಲೆ ಬೀಳುವ ಬಲ ಬೀಗಕ್ಕೆ ಮಾತ್ರ ಬೀಳುವುದಿಲ್ಲ. ಬೀಗದಿಂದ ಪಟ್ಟಿಗೆ, ಪಟ್ಟಿಯಿಂದ ಸ್ಕ್ರೂಗೆ, ಸ್ಕ್ರೂವಿನಿಂದ ಮರಕ್ಕೆ, ಮರದಿಂದ ಕೀಲಿಗೆ, ಕೀಲಿನಿಂದ ಗೋಡೆಗೆ ಅದು ಹರಿಯುತ್ತದೆ. ಇವುಗಳಲ್ಲಿ ಯಾವುದು ಮೊದಲು ಸೋಲುತ್ತದೋ ಅದೇ ಆ ಬಾಗಿಲಿನ ಶಕ್ತಿ. ನಾನು ಹಣವನ್ನೆಲ್ಲ ಮೊದಲನೆಯ ಕೊಂಡಿಗೇ ಸುರಿದಿದ್ದೆ.

ಹಾಗೆಂದು ಬೀಗ ಸಾಮಾನ್ಯ ವಸ್ತುವಲ್ಲ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ‘ಪಿನ್ ಟಂಬ್ಲರ್’ ಬೀಗದ ತತ್ತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೂ ಇತ್ತು. ಅದಕ್ಕೆ ಇಂದಿನ ರೂಪ ಕೊಟ್ಟವನು 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್. ಒಂದು ಸಿಲಿಂಡರಿನೊಳಗೆ ತಿರುಗುವ ಇನ್ನೊಂದು ಸಿಲಿಂಡರನ್ನು ಕಲ್ಪಿಸಿಕೊಳ್ಳಿ. ಎರಡನ್ನೂ ಅಡ್ಡಹಾಯುವ ಐದು ತೂತುಗಳು. ಪ್ರತಿ ತೂತಿನಲ್ಲಿ ಒಂದರ ಮೇಲೊಂದು ಕೂತ ಎರಡು ಕಡ್ಡಿಗಳು, ಅವನ್ನು ಒತ್ತುವ ಒಂದು ಸ್ಪ್ರಿಂಗ್. ಕಡ್ಡಿಗಳು ಅಡ್ಡ ನಿಂತಿರುವವರೆಗೆ ಒಳಗಿನ ಸಿಲಿಂಡರ್ ತಿರುಗದು. ಸರಿಯಾದ ಬೀಗದ ಕೈ ಒಳಹೊಕ್ಕಾಗ ಅದರ ಹಲ್ಲುಗಳು ಪ್ರತಿ ಜೋಡಿಯನ್ನೂ ಬೇಕಾದಷ್ಟೇ ಎತ್ತುತ್ತವೆ. ಎರಡು ಕಡ್ಡಿಗಳು ಸಂಧಿಸುವ ಜಾಗವೂ ಎರಡು ಸಿಲಿಂಡರುಗಳ ನಡುವಿನ ಗೆರೆಯೂ ಒಂದಾಗುತ್ತವೆ. ಆಗ ಕೈ ತಿರುಗುತ್ತದೆ.

ಪ್ರತಿ ಕಡ್ಡಿಗೂ ಆರು ಬಗೆಯ ಎತ್ತರ ಸಾಧ್ಯವೆಂದುಕೊಂಡರೆ ಐದು ಕಡ್ಡಿಗಳಿಗೆ ಆರನ್ನು ಐದು ಬಾರಿ ಗುಣಿಸಬೇಕು: 7,776 ಬಗೆಯ ಕೈಗಳು. ಇಷ್ಟನ್ನೂ ಪ್ರಯತ್ನಿಸುವ ಕಳ್ಳ ಎಲ್ಲಿದ್ದಾನೆ ಎನ್ನುತ್ತೀರಾ? ಇಲ್ಲೊಂದು ಸ್ವಾರಸ್ಯವಿದೆ. ಎಷ್ಟೇ ಚೆನ್ನಾಗಿ ಮಾಡಿದರೂ ಐದು ತೂತುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಸಾಲಿನಲ್ಲಿ ಇರಲಾರವು. ಒಳ ಸಿಲಿಂಡರನ್ನು ಮೆಲ್ಲಗೆ ತಿರುಗಿಸುವಂತೆ ಒತ್ತಿದರೆ ಎಲ್ಲ ಕಡ್ಡಿಗಳೂ ಒಟ್ಟಿಗೆ ಬಿಗಿಯಾಗುವುದಿಲ್ಲ. ಒಂದು ಮೊದಲು ಬಿಗಿಯಾಗುತ್ತದೆ. ಅದನ್ನು ಸರಿಯಾದ ಎತ್ತರಕ್ಕೆ ಎತ್ತಿದರೆ ಅಲ್ಲೇ ನಿಲ್ಲುತ್ತದೆ, ಆಮೇಲೆ ಮುಂದಿನದು. ಹೀಗೆ ಒಂದೊಂದಾಗಿ ಗೆಲ್ಲುತ್ತ ಹೋಗುವವನಿಗೆ ಗುಣಾಕಾರದ ಲೆಕ್ಕ ಸಂಕಲನದ ಲೆಕ್ಕವಾಗಿಬಿಡುತ್ತದೆ. ಆರನ್ನು ಐದು ಬಾರಿ ಕೂಡಿ ನೋಡಿ, ಮೂವತ್ತು!

1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಸಮಯದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬಾತ ಬೇರೆ ರಚನೆಯ ಎರಡು ಹೆಸರಾಂತ ಬೀಗಗಳ ಮೇಲೆ ಇಂಥದೇ ಜಾಣ್ಮೆ ತೋರಿಸಿದ. ಚಬ್ ಕಂಪನಿಯ ಬೀಗ ಸುಮಾರು 25 ನಿಮಿಷಗಳಲ್ಲಿ ತೆರೆಯಿತು. ತೆರೆದವರಿಗೆ 200 ಗಿನಿ ಬಹುಮಾನವೆಂದು ಸವಾಲು ಹಾಕಿ ಅಂಗಡಿಯ ಕಿಟಕಿಯಲ್ಲಿಟ್ಟಿದ್ದ ಬ್ರಾಮಾ ಬೀಗಕ್ಕೆ ಹದಿನಾರು ದಿನಗಳಲ್ಲಿ ಹಂಚಿದ 51 ಗಂಟೆ ಹಿಡಿಯಿತು.

ನಮ್ಮ ಹಿತ್ತಲಿಗೆ ಬರುವವನು ಹಾಬ್ಸ್ ಅಲ್ಲ. ಅವನಿಗೆ ಅಷ್ಟು ಪುರುಸೊತ್ತಿಲ್ಲ. ಬೇಗ ಮುಗಿಯಬೇಕು, ಸದ್ದಾಗಬಾರದು, ಯಾರೂ ನೋಡಬಾರದು. ಅವನಿಗೆ ಬೇಕಾದುದು ಈ ಮೂರೇ. ನಮ್ಮ ಕೆಲಸ ಈ ಮೂರನ್ನೂ ಕೆಡಿಸುವುದು.

ಮೊದಲು ಆ ಪಟ್ಟಿ. ಸ್ಕ್ರೂವಿನ ತಲೆ ಹೊರಗೆ ಕಾಣುತ್ತಿದ್ದರೆ ಅದು ಕಳ್ಳನಿಗೆ ಕೊಟ್ಟ ಆಹ್ವಾನ. ತಲೆ ಕಾಣದಿದ್ದರೂ ಒಂದು ಹಾರೆ ಸಾಕು. ಸನ್ನೆಕೋಲಿನ ಪಾಠ ನೆನಪಿದೆಯಲ್ಲ? ಆಧಾರ ಬಿಂದುವಿನಿಂದ ಕೈ 60 ಸೆಂ.ಮೀ. ದೂರ, ಪಟ್ಟಿ 3 ಸೆಂ.ಮೀ. ದೂರ ಇದ್ದರೆ ಬಲ ಇಪ್ಪತ್ತು ಪಟ್ಟಾಗುತ್ತದೆ. 30 ಕೆ.ಜಿ. ತೂಕದಷ್ಟು ಒತ್ತಿದರೆ 600 ಕೆ.ಜಿ. ಎಳೆತ! ಮರದ ನಾರನ್ನು ಕಚ್ಚಿ ಹಿಡಿದ ಮುಕ್ಕಾಲು ಅಂಗುಲದ ಸ್ಕ್ರೂಗಳು ಅದಕ್ಕೆ ನಿಲ್ಲುವುದುಂಟೆ? ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಯಾರೇಜ್ ಬೋಲ್ಟ್ ಕೇಳಿ. ಹೊರಗೆ ಕಾಣುವುದು ನುಣ್ಣನೆಯ ಗುಂಡು ತಲೆ. ಸ್ಪ್ಯಾನರಿಗಾಗಲಿ ಸ್ಕ್ರೂಡ್ರೈವರಿಗಾಗಲಿ ಅಲ್ಲಿ ಹಿಡಿತವಿಲ್ಲ. ತಲೆಯ ಕೆಳಗಿನ ಚೌಕ ಭಾಗ ಪಟ್ಟಿಯ ಚೌಕ ತೂತಿನಲ್ಲಿ ಕೂತು ತಿರುಗದಂತೆ ಹಿಡಿಯುತ್ತದೆ. ಬೋಲ್ಟು ಕದವನ್ನು ದಾಟಿ ಒಳಗೆ ನಟ್ಟಿನಲ್ಲಿ ಮುಗಿಯುತ್ತದೆ. ನಟ್ಟಿನ ಕೆಳಗೆ ಅಂಗೈಯಷ್ಟು ಉಕ್ಕಿನ ತಗಡು ಕೊಟ್ಟರೆ ಬಲ ಅಗಲವಾಗಿ ಹಂಚಿಹೋಗುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಬರೆದು ನೀವು ಅಂಕ ಪಡೆದಿದ್ದೀರಿ. ಅದರ ಉಪಯೋಗ ಇಲ್ಲಿದೆ.

ಬೀಗದ ಬಾಗಿದ ಸರಳು ಹೊರಗೆ ಎಷ್ಟು ಕಡಿಮೆ ಕಾಣುತ್ತದೋ ಅಷ್ಟು ಒಳ್ಳೆಯದು. ಕಟರಿಗೆ ಬಾಯಿ ಹಾಕಲು ಜಾಗ ಸಿಗಬಾರದು.

ಇನ್ನು ಕೀಲು. ಹೊರಕ್ಕೆ ತೆರೆಯುವ ಕದಗಳ ಕೀಲಿನ ಕಡ್ಡಿ ಹೊರಗೇ ಇರುತ್ತದೆ. ಅದನ್ನು ಬಡಿದು ಎತ್ತಿದರೆ ಬೀಗದ ಗೊಡವೆಯೇ ಬೇಡ, ಕದ ಹಿಂಭಾಗದಿಂದ ಕಳಚುತ್ತದೆ. ಕದದ ಅಂಚಿನಲ್ಲಿ ಒಂದು ಉಕ್ಕಿನ ಗೂಟ, ಎದುರಿನ ಚೌಕಟ್ಟಿನಲ್ಲಿ ಅದು ಕೂರುವ ತೂತು ಮಾಡಿಸಿದರೆ, ಕೀಲು ಹೋದರೂ ಮುಚ್ಚಿದ ಕದ ಕದಲುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಇನ್ನೊಂದು ತಮಾಷೆ ಇತ್ತು: ಎಡಗಡೆ ಕದದ ಅಗುಳಿ ಇಳಿಯಬೇಕಾದ ನೆಲದ ತೂತಿನಲ್ಲಿ ವರ್ಷಗಳ ಮಣ್ಣು ತುಂಬಿ, ಅಗುಳಿ ಬೆರಳುಗುರಿನಷ್ಟೂ ಇಳಿಯುತ್ತಿರಲಿಲ್ಲ. ಒಂದು ಚಮಚದಿಂದ ಮಣ್ಣು ಕೆರೆದೆ. ಖರ್ಚಿಲ್ಲದ ಭದ್ರತೆ! ಮೇಲಿನ ಶೀಟನ್ನು ಹಿಡಿದ ಕೊಕ್ಕೆ ಬೋಲ್ಟುಗಳ ನಟ್ಟುಗಳೂ ಹೊರಗೇ ಇದ್ದವು. ಶೀಟಿನ ಕೆಳಗೆ ಕಬ್ಬಿಣದ ಬಲೆ ಹಾಕಿಸಿದೆ.

ಇಷ್ಟೆಲ್ಲ ಹೇಳುವಾಗ ಶೆಡ್ಡು ನನ್ನದಲ್ಲ ಎಂಬುದನ್ನು ಮರೆಯುವಂತಿಲ್ಲ. ಮನೆಯ ಒಡತಿ ಎಂಬತ್ತು ದಾಟಿದ ಅಜ್ಜಿ. ಬಾಗಿಲಿಗೆ ತೂತು ಕೊರೆಯಬೇಕು ಎಂದಾಗ ಅವರ ಮುಖ ಸಣ್ಣದಾಯಿತು. “ನಮ್ಮ ಯಜಮಾನರು ನಿಂತು ಮಾಡಿಸಿದ ಬಾಗಿಲು ಕಣಪ್ಪ” ಎಂದರು. ನನ್ನ ಸ್ಪ್ಯಾನರುಗಳ ನೆನಪಾಗಿ ನಾನೂ ಸುಮ್ಮನಾದೆ. ಕೊನೆಗೆ, ಹಳೆಯ ಸ್ಕ್ರೂ ತೂತುಗಳನ್ನೇ ಅಗಲಿಸುವುದು, ಹೊಸದೊಂದನ್ನೂ ಕೊರೆಯದಿರುವುದು ಎಂದು ಒಪ್ಪಂದವಾಯಿತು. ಬಿಟ್ಟುಹೋಗುವಾಗ ಯಾವುದು ನನ್ನದು, ಯಾವುದು ಅವರದು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅಂದೇ ಅಜ್ಜಿ ಮಾತಿನ ನಡುವೆ, “ಆ ಕಿರುಬಾಗಿಲಿನ ಕೈ ಹಿಂದಿದ್ದವರ ಹತ್ತಿರ ಇನ್ನೂ ಒಂದಿರಬೇಕಲ್ಲಪ್ಪ” ಎಂದರು! ನನ್ನ ಎದೆ ಧಸಕ್ಕೆಂದಿತು. ಬಾಡಿಗೆ ಜಾಗದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಆ ಸಂಜೆಯೇ ಅದರ ಬೀಗ ಬದಲಾಯಿತು.

ಭದ್ರತೆಯ ಉತ್ಸಾಹದಲ್ಲಿ ಒಂದು ತಪ್ಪು ಮಾಡುವವನಿದ್ದೆ. ಗೋಡೆಯ ಬುಡದಲ್ಲಿದ್ದ ಗಾಳಿಗಂಡಿಗಳನ್ನು ಮುಚ್ಚಿಸಲು ಮೇಸ್ತ್ರಿಗೆ ಹೇಳಿಬಿಟ್ಟಿದ್ದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ ಎಂದಮೇಲೆ ಬೆಂಗಳೂರಿನ ಏಪ್ರಿಲ್ ತಿಂಗಳ ಮಾತೇನು? ಬುಡದ ಗಂಡಿಗಳನ್ನು ಮುಚ್ಚದೆ ಗಟ್ಟಿ ಜಾಲರಿ ಹಾಕಿಸಿದೆ. ಇಲಿಗಳೂ ನಿಂತವು. ವೈರು ಕಡಿಯುವುದರಲ್ಲಿ ಅವು ಯಾವ ಕಳ್ಳನಿಗೂ ಕಡಿಮೆಯಲ್ಲ.

ಈಗ ಬೀಗ ಅಲುಗಿದರೆ ಕೂಗುವ ಉಪಕರಣಗಳು, ಮೊಬೈಲಿಗೆ ಸುದ್ದಿ ಕಳಿಸುವ ಕ್ಯಾಮೆರಾಗಳು ಸಿಗುತ್ತವೆ. ಒಳ್ಳೆಯವೇ, ಆದರೆ ಪಟ್ಟಿ ಗಟ್ಟಿಯಾದ ಮೇಲಿನ ಮಾತು ಅವು. ಮನುಷ್ಯ ಹಾದರೆ ತಾನಾಗಿ ಹೊತ್ತುವ ಒಂದು ದೀಪವನ್ನು ಹಾಕಿಸಿ, ಬಾಗಿಲು ಮರೆಮಾಡಿದ್ದ ದಾಸವಾಳದ ಗಿಡವನ್ನು ಅಜ್ಜಿಯ ಅಪ್ಪಣೆ ಪಡೆದು ಸವರಿದ್ದೇನೆ. ಕಾರನ್ನು ವಾರಗಟ್ಟಲೆ ತೆಗೆಯದಿದ್ದರೆ ಬ್ಯಾಟರಿಯನ್ನು ಮನೆಗೆ ತರುತ್ತೇನೆ. ವಿಮೆಯನ್ನು ಕಳವಿಗೂ ಅನ್ವಯವಾಗುವಂತೆ ಬದಲಿಸಿದ್ದೇನೆ.

ನೀವು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಹಳೆಯ ಹಲಗೆಗೆ ಅರ್ಧ ಅಂಗುಲದ ಸ್ಕ್ರೂ ಒಂದನ್ನೂ ಎರಡು ಅಂಗುಲದ್ದೊಂದನ್ನೂ ಹಾಕಿ, ತಲೆಯ ಕೆಳಗೆ ಸ್ವಲ್ಪ ಜಾಗ ಬಿಡಿ. ಕೊಡತಿಯ ಸೀಳುಬಾಯಿಯಿಂದ ಎರಡನ್ನೂ ಎಬ್ಬಲು ನೋಡಿ. ಕಣ್ಣಿಗೆ ಏನೂ ಚಿಮ್ಮದಂತೆ ಎಚ್ಚರವಿರಲಿ. ಮೊದಲನೆಯದು ಎಷ್ಟು ಸುಲಭವಾಗಿ ಬರುತ್ತದೆಂದು ನೋಡಿದ ಮೇಲೆ ಮನೆಯ ಮುಂಬಾಗಿಲ ಚಿಲಕದ ಸ್ಕ್ರೂಗಳು ಎಷ್ಟು ಉದ್ದವೆಂದು ಅಪ್ಪನನ್ನು ಕೇಳಿ. ಹಲಗೆ ಸಿಗದಿದ್ದರೆ ಅಮ್ಮನ ಮಣೆಗೆ ಮಾತ್ರ ಕೈ ಹಾಕಬೇಡಿ.