ಅಕ್ಷಯ ಶಕ್ತಿಮೂಲಗಳು ಮತ್ತು ಮುಂದಿನ ವಿದ್ಯುದ್ಯೋಜನೆ

ಬಿಸಿಲು, ಗಾಳಿ, ಹರಿಯುವ ನೀರು ಇವು ಬಳಸಿದಷ್ಟೂ ತೀರದ ಶಕ್ತಿಮೂಲಗಳು. ಆದರೆ ಬೇಕಾದ ಹೊತ್ತಿಗೆ ಬೇಕಾದಷ್ಟು ಅವು ಒದಗುವುದಿಲ್ಲ. ಇವನ್ನು ನೆಚ್ಚಿ ನಾಡಿನ ಮುಂದಿನ ವಿದ್ಯುದ್ವ್ಯವಸ್ಥೆಯನ್ನು ರೂಪಿಸುವುದೆಂತು? ಈ ಪ್ರಶ್ನೆ ಹೊಸದಲ್ಲವೆಂಬುದು ಮೈಸೂರು ಸಂಸ್ಥಾನದ ಇತಿಹಾಸವನ್ನು ಪರಿಶೀಲಿಸಿದರೆ ನಮಗೆ ವಿದಿತವಾಗುತ್ತದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಗಣಿಗಳಿಗೆ ವರ್ಷವಿಡೀ ಎಡೆಬಿಡದೆ ಶಕ್ತಿ ಬೇಕು. ಕಾವೇರಿಯಾದರೋ ಬೇಸಗೆಯಲ್ಲಿ ಸೊರಗುವಳು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ, ನೀರಾವರಿಯೊಡನೆ, ಈ ಕೊರತೆಯನ್ನು ನೀಗುವುದೂ ಒಂದಾಗಿತ್ತು. ಮಳೆಗಾಲದ ಹರಿವನ್ನು ಬೇಸಗೆಗೆ ಕೂಡಿಡುವುದೇ ಅಂದಿನ ಪರಿಹಾರ.

ಕೂಡಿಡುವುದಕ್ಕೆ ಮೊದಲು ಅಗತ್ಯವೆಷ್ಟೆಂಬುದನ್ನು ಅರಿಯಬೇಕು. 1991ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಕರ್ನಾಟಕಕ್ಕಾಗಿ ಒಂದು ಪರ್ಯಾಯ ಯೋಜನೆಯನ್ನು ಪ್ರಕಟಿಸಿದರು. ಜನರಿಗೆ ಆಗಬೇಕಾದ ಕೆಲಸವೇನೆಂಬುದರಿಂದ ಅವರ ಲೆಕ್ಕ ಮೊದಲಾಗುತ್ತದೆ: ಮನೆಗೆ ಬೆಳಕು, ಹೊಲಕ್ಕೆ ನೀರು, ಕಾರ್ಖಾನೆಗೆ ಚಾಲನೆ. ಮಿತವ್ಯಯದ ದೀಪ, ಪಂಪುಗಳನ್ನು ಬಳಸಿದರೆ, ಸರಕಾರದ ಯೋಜನೆ 2000ನೆಯ ಇಸವಿಗೆ ಅಂದಾಜು ಮಾಡಿದ್ದ ಬೇಡಿಕೆಯ ಅರ್ಧಕ್ಕಿಂತ ಕಡಮೆಯಲ್ಲಿಯೇ ಈ ಕೆಲಸಗಳು ಸಾಗುವುವೆಂದು ಅವರು ತೋರಿಸಿದರು.

ಈ ಎರಡು ಪಾಠಗಳನ್ನು ಒಂದು ಸೀಮೆಗೆ ಅನ್ವಯಿಸಿ ನೋಡೋಣ. ಕಡೂರು ತಾಲ್ಲೂಕಿನ ಸಿಂಗಟಗೆರೆಯ ಸುತ್ತಣದು ಮಳೆ ಕಡಮೆಯಾದ ಬಯಲುಸೀಮೆ; ತೆಂಗು ಅಡಕೆಯ ತೋಟಗಳಿಗೆ ಕೊಳವೆಬಾವಿಗಳೇ ಆಸರೆ. ಮನೆಯ ದೀಪ ಸಂಜೆಗೇ ಬೇಕು. ಪಂಪಾದರೋ ಬಿಸಿಲಿದ್ದಾಗಲೇ ನಡೆಯಬಹುದು, ಎತ್ತಿದ ನೀರು ತೊಟ್ಟಿಯಲ್ಲಿ ನಿಲ್ಲಬಹುದು. ಆದುದರಿಂದ ಹಗಲಿನ ನೀರೆತ್ತುವಿಕೆಯನ್ನು ಸೂರ್ಯನಿಗೆ ಒಪ್ಪಿಸಿ, ಶರಾವತಿಯಂಥ ಜಲಾಶಯಗಳ ನೀರನ್ನು ಸಂಜೆಯ ಬೇಡಿಕೆಗೆ ಕಾದಿರಿಸುವುದು ಯುಕ್ತ. ಹಗಲಿನ ಶಕ್ತಿಗೆ ಈಗ ಅಭಾವವೇನಿಲ್ಲ: ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಸ್ಥಾವರ ನಿಂತಿದೆ.

ಆದರೆ ಇಲ್ಲಿ ಒಂದು ಅಪಾಯವನ್ನು ಗಮನಿಸಬೇಕು. ಫಲಕವನ್ನು ಹೂಡಿದ ಮೇಲೆ ಬಿಸಿಲಿಗೆ ಬೆಲೆಯಿಲ್ಲ. ಪಂಪನ್ನು ನಿಲ್ಲಿಸಲು ರೈತನಿಗೆ ಕಾರಣವೂ ಇಲ್ಲ. ಬಿಸಿಲು ಅಕ್ಷಯವಾದರೂ ನೆಲದಡಿಯ ನೀರು ಅಕ್ಷಯವಲ್ಲ. ಉಳಿದ ವಿದ್ಯುತ್ತನ್ನು ಜಾಲಕ್ಕೆ ಮಾರುವ ಅನುಕೂಲವಿದ್ದರೆ ನೀರನ್ನು ಉಳಿಸಿದವನಿಗೂ ಆದಾಯವುಂಟು. ಬಯಲುಸೀಮೆಯಲ್ಲಿ ವಿದ್ಯುತ್ತಿನ ಯೋಜನೆಯನ್ನೂ ನೀರಿನ ಯೋಜನೆಯನ್ನೂ ಬೇರೆ ಬೇರೆಯಾಗಿ ಬರೆಯಲಾಗದೆಂಬುದೇ ನಮ್ಮ ಅಭಿಪ್ರಾಯ.